ತೇಪೆ ಕಾಣದ ಗೋಡೆ

ಮನೆಸಾಲ ಕೇಳಲು ಹೋದವನ ಸಂಗತಿಯಲ್ಲಿ ಕೇಳುವಂಥದ್ದೇನಿದೆ ಎಂದು ಯಾರಾದರೂ ಅಂದರೆ ತಲೆ ತಗ್ಗಿಸಬೇಕಾದೀತು. ಇದರಲ್ಲಿ ಸಾವಿಲ್ಲ, ಹೊಡೆದಾಟವಿಲ್ಲ. ಇರುವುದು ಒಂದು ಗೋಡೆ, ಅಷ್ಟೆ. ನೆಟ್ಟಗೆ ಹೇಳಲು ಬರುತ್ತದೆಯೋ ಇಲ್ಲವೋ ಎಂಬ ಅಳುಕಿನಲ್ಲೇ ಹೇಳಹೊರಟದ್ದು ಇದು. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಗೋಡೆಯ ಮೇಲೆ ವ್ಯಾಲ್ಯುವರ್ ಅಂಗೈ ಊರಿ ನಿಂತಿದ್ದ. ಮಾರಾಟಕ್ಕಿರುವ ಮನೆಗಳನ್ನು ನೋಡಿ, ಬೆಲೆ ಕಟ್ಟಿ, ಬ್ಯಾಂಕಿಗೆ ವರದಿ ಕೊಡುವುದು ಅವನ ಕೆಲಸ. ಹಾಲ್, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಸರಸರನೆ ನೋಡಿ ಮುಗಿಸಿದವನು ಒಳಕೋಣೆಗೆ ಬಂದು ನಿಂತೇಬಿಟ್ಟಿದ್ದ. ಅಂಗೈ ತೆಗೆದು ಮೂಗಿನ ಹತ್ತಿರ ಹಿಡಿದು ನೋಡಿದ. ಆಮೇಲೆ ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿದ.

"ಇದಕ್ಕೆ ಬಣ್ಣ ಹೊಡೆದಿದ್ದು ಯಾವಾಗ?"

ಮನೆಯ ಒಡತಿ ನಿವೃತ್ತ ನರ್ಸಮ್ಮ. ಅವರು ಮನೆ ಕೊಳ್ಳಲು ಬಂದಿದ್ದ ಪೇಂಟರನ ಮುಖ ನೋಡಿದರು.

"ಹೋದ ಭಾನುವಾರ ಸಾರ್," ಎಂದ ಪೇಂಟರ್.

"ಯಾರು ಹೊಡೆದಿದ್ದು?"

"ನಾನೇ."

"ಮನೆ ಇನ್ನೂ ನಿಮ್ದಾಗಿಲ್ವಲ್ಲ?"

"ಆಗಿಲ್ಲ."

"ನಾನು ಬೇಡ ಅಂದೆ ಕಣಪ್ಪ," ಎಂದರು ನರ್ಸಮ್ಮ. "ಕೇಳ್ಬೇಕಲ್ಲ. ಇವನಿಗೆ ಕೈ ಕಟ್ಕೊಂಡು ಕೂರೋಕೆ ಬರಲ್ಲ."

ವ್ಯಾಲ್ಯುವರ್ ಕಿಟಕಿ ಪೂರ್ತಿ ತೆರೆದ. ಬೆಳಕಿನಲ್ಲಿ ಆ ಗೋಡೆಯನ್ನೂ ಪಕ್ಕದ ಗೋಡೆಯನ್ನೂ ಬಹಳ ಹೊತ್ತು ಹೋಲಿಸಿ ನೋಡಿದ. ಎರಡೂ ಒಂದೇ ಬಣ್ಣ; ಎಷ್ಟೋ ವರ್ಷದ ಬಿಸಿಲಿಗೂ ಹೊಗೆಗೂ ಮಂಕಾದ ಹಳೆಯ ಕೆನೆಬಣ್ಣ. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ.

"ಹೊಸ ಬಣ್ಣ ಹೊಡೆಯೋರು ಹೊಸದಾಗಿ ಕಾಣ್ಲಿ ಅಂತ ಹೊಡೀತಾರೆ," ಎಂದ ನಿಧಾನವಾಗಿ. "ನೀವು ಹಳೇದಾಗಿ ಕಾಣ್ಲಿ ಅಂತ ಹೊಡೆದಿದ್ದೀರಿ. ಯಾಕೆ?"

ಪೇಂಟರ್ ಅಂಗಿಯ ತೋಳನ್ನು ಕೆಳಗೆಳೆದುಕೊಂಡ. ಮೊಣಕೈ ಹತ್ತಿರ ಅದೇ ಕೆನೆಬಣ್ಣದ ಹನಿಯೊಂದು ಇನ್ನೂ ಅಂಟಿಕೊಂಡಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು ಅವನಿಗೆ ಅನ್ನಿಸಿದ್ದು ವ್ಯಾಲ್ಯುವರ್ ಗೋಡೆಯ ಫೋಟೋ ತೆಗೆದುಕೊಂಡು ಮೆಟ್ಟಿಲಿಳಿದು ಹೋದ ಮೇಲೆ.

ಒಂದು ಕಾಲಕ್ಕೆ ಪೇಂಟರನ ಕೈಕೆಳಗೆ ಹತ್ತಾಳು ದುಡಿಯುತ್ತಿದ್ದರು. ದೊಡ್ಡದೊಂದು ಕಟ್ಟಡದ ಬಣ್ಣದ ಗುತ್ತಿಗೆ ಹಿಡಿದು, ಸಾಲ ಎತ್ತಿ ಸಾಮಾನು ತಂದು, ಕೊನೆಯ ಕೋಟ್ ಹೊಡೆಯುವ ಹೊತ್ತಿಗೆ ಕಟ್ಟಿಸುತ್ತಿದ್ದವನು ದಿವಾಳಿ ಎದ್ದ. ಸಾಲದ ಕಂತು ನಿಂತಿತು. ಏಣಿಗಳು ಹೋದವು, ಸ್ಪ್ರೇ ಮೆಷಿನ್ ಹೋಯಿತು, ಬೈಕು ಹೋಯಿತು, ಬಾಡಿಗೆ ಮನೆಯೂ ಹೋಯಿತು. ಹೆಂಡತಿ ಮಗಳನ್ನು ಕರೆದುಕೊಂಡು 'ಸ್ವಲ್ಪ ದಿನ' ಎಂದು ತನ್ನ ಅಕ್ಕನ ಊರಿಗೆ ಹೊರಟಳು. ಜಗಳವೇನೂ ಆಗಿರಲಿಲ್ಲ. ಬಸ್ಸಿಗೆ ಹತ್ತಿಸಿದವನೂ ಅವನೇ. ಅವಳಿಗೆ ಅಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಮಗಳಿಗೆ ಸ್ಕೂಲು ಸಿಕ್ಕಿತು, ಅವನಿಗೆ ಫೋನಿನಲ್ಲಿ ಭಾನುವಾರದ ಸಂಜೆ ಸಿಕ್ಕಿತು. ಸ್ವಲ್ಪ ದಿನ ಹೋಗಿ ವರ್ಷಗಳೇ ಆದವು. ಗ್ಯಾರೇಜಿನ ಮೇಲಿನ ಕೋಣೆಯೊಂದರಲ್ಲಿ ಅವನು ಒಂದು ತಟ್ಟೆ, ಒಂದು ಲೋಟ ತೊಳೆದು ಬೋರಲು ಹಾಕಿ ಮಲಗುವುದನ್ನು ಕಲಿತ.

ಒಮ್ಮೆ ಕಂತು ತಪ್ಪಿ ಹೆಸರು ಕೆಟ್ಟವನಿಗೆ ಬ್ಯಾಂಕಿನವರು 'ಕೂತ್ಕೊಳ್ಳಿ' ಅನ್ನಲೂ ಹಿಂದೆಮುಂದೆ ನೋಡುತ್ತಾರೆ. ಆದರೆ ಹಳೆಯದನ್ನೆಲ್ಲ ತೀರಿಸಿ, ಕೆಲವು ವರ್ಷ ಕಂತು ತಪ್ಪದೆ ನಡೆದುಕೊಂಡವರಿಗೆ ಸರ್ಕಾರವೇ ಜಾಮೀನು ನಿಲ್ಲುವ ಮನೆಸಾಲವೊಂದಿದೆ ಎಂದು, ಹಾಗೇ ನಡೆದುಕೊಂಡಿದ್ದ ಅವನ ಕಿವಿಗೆ ಬಿತ್ತು. ನರ್ಸಮ್ಮ ತಂಗಿಯ ಜೊತೆ ಇರಲು ಹೋಗುವವರು, ತಮ್ಮ ಎರಡನೇ ಮಹಡಿಯ ಹಳೆಯ ಮನೆಯನ್ನು ಅವನ ಕೈಗೆಟುಕುವ ಬೆಲೆಗೆ ಕೊಡಲು ಒಪ್ಪಿದ್ದರು. ಎರಡು ಕೋಣೆಯ ಮನೆ. ಒಂದು ಮಗಳಿಗೆ ಎಂದು ಅವನು ಮನಸ್ಸಿನಲ್ಲೇ ಗೊತ್ತು ಮಾಡಿಬಿಟ್ಟಿದ್ದ.

"ಸರ್ಕಾರ ಸುಮ್ನೆ ಜಾಮೀನು ನಿಲ್ಲಲ್ಲ," ಎಂದು ಬ್ಯಾಂಕಿನ ಸಾಲದ ಮೇಡಂ ಮೊದಲೇ ಹೇಳಿದ್ದರು. "ಮನೆ ಗಟ್ಟಿ ಇರ್ಬೇಕು. ಗೋಡೆ ತೇವ ಇರ್ಬಾರ್ದು, ಬಣ್ಣ ಎದ್ದಿರ್ಬಾರ್ದು."

ಬಣ್ಣ ಎದ್ದಿರಬಾರದು ಎಂದು ಬಣ್ಣದವನಿಗೆ ಹೇಳಿದರೆ ಅವನು ಮತ್ತೇನು ಮಾಡಿಯಾನು? ಒಳಕೋಣೆಯ ಗೋಡೆಯಲ್ಲಿ ಚಾಪೆಯಗಲದಷ್ಟು ಕಡೆ ಹಳೆಯ ನೀರಿನ ಕಲೆಯಿತ್ತು, ಬಣ್ಣ ಹಪ್ಪಳದಂತೆ ಎದ್ದಿತ್ತು. ಕೆರೆದ, ಪುಟ್ಟಿ ತುಂಬಿದ, ಉಜ್ಜಿದ. ಉದುರಿದ ಒಂದು ಚಕ್ಕೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಿಳಿಗೆ ಹಳದಿ, ಹಳದಿಗೆ ಕಡ್ಡಿಯ ತುದಿಯಷ್ಟು ಕಪ್ಪು ಬೆರೆಸಿ, ಆ ಮಂಕನ್ನೂ ಹಾಗೇ ಹಿಡಿದು ತಂದ. ಇನ್ನೊಬ್ಬರ ಗೋಡೆಯಲ್ಲಿ ತೇಪೆ ಕಂಡರೂ ತನ್ನ ಅಂಗಿಯೇ ಹರಿದಂತೆ ನಾಚುವ ಜಾತಿ ಅವನದು. ಎರಡನೇ ಕೋಟ್ ಒಣಗಿದಾಗ ಹಿಂದೆ ಸರಿದು ನೋಡಿ, ತನ್ನಷ್ಟಕ್ಕೆ ಒಮ್ಮೆ ನಕ್ಕಿದ್ದ.

ವರದಿಯಲ್ಲಿ 'ತೇವ ಮುಚ್ಚಿಟ್ಟಿರುವ ಅನುಮಾನ' ಎಂದು ಬಂತು. ಮೇಡಂ ಅವನನ್ನು ಕರೆಸಿದರು.

"ಯಾಕ್ರೀ ಹೀಗೆ ಮಾಡಿದ್ರಿ?"

"ತೇಪೆ ಕಾಣ್ಬಾರ್ದು ಅಂತ ಮೇಡಂ."

"ಅಲ್ಲಾ ಕಣ್ರೀ, ಕಾಣ್ಬಾರ್ದು ಅಂತ್ಲೇ ಎಲ್ಲರೂ ಮುಚ್ಚೋದು."

"ನಮ್ಮ ಕೆಲಸದಲ್ಲಿ ಅದಕ್ಕೇ ಕೂಲಿ ಕೊಡ್ತಾರೆ."

"ನಮ್ಮ ಕೆಲಸದಲ್ಲಿ ಅದಕ್ಕೇ ನೋಟಿಸ್ ಕೊಡ್ತಾರೆ." ಮೇಡಂಗೆ ನಗು ಬಂದಿತ್ತು, ತಡೆದುಕೊಂಡರು. "ನೋಡಿ, ಬೇರೆಯವರಾಗಿದ್ರೆ ಯಾರೂ ಇಷ್ಟು ಕೆದಕ್ತಿರ್ಲಿಲ್ಲ. ನೀವು ಒಂದ್ಸಲ ಎಡವಿದೋರು. ಎಡವಿದವರ ಕಾಲನ್ನೇ ಎಲ್ಲರೂ ನೋಡೋದು."

"ಈಗೇನ್ಮಾಡ್ಲಿ?"

"ಬಿಚ್ಚಿ ತೋರಿಸಿ. ಬಣ್ಣ, ಪುಟ್ಟಿ, ಗಾರೆ ಎಲ್ಲ ತೆಗೆದು ಇಟ್ಟಿಗೆ ಕಾಣೋ ಹಾಗೆ ಮಾಡಿ. ಅವರು ಮತ್ತೆ ಬಂದು ನೋಡ್ತಾರೆ. ಒಣಗಿದ್ರೆ ಸಾಲ. ತೇವ ಇದ್ರೆ ನನ್ನ ಕೈಲೂ ಏನೂ ಆಗಲ್ಲ." ಫೈಲು ಮುಚ್ಚಲು ಹೋದವರು ಏನೋ ನೆನಪಾಗಿ ನಿಂತರು. "ಮೂರು ಜನ ಇರ್ತೀವಿ ಅಂದಿದ್ರಿ. ನಿಮ್ಮ ಮನೆಯವರು ಒಂದ್ಸಲಾನೂ ಬಂದು ಮನೆ ನೋಡ್ಲಿಲ್ವಲ್ಲ?"

"ಮಗಳಿಗೆ ಪರೀಕ್ಷೆ ಮೇಡಂ."

ಪರೀಕ್ಷೆ ಮುಗಿದು ರಜೆ ಶುರುವಾಗಿದೆ ಎಂಬುದು ಅವನಿಗೆ ನೆನಪಾದದ್ದು ಬೀದಿಗೆ ಇಳಿದ ಮೇಲೆ.

ಉಳಿ ಕೊಳ್ಳಲು ಬಣ್ಣದಂಗಡಿಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ಕೂತಿತ್ತು. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಮಹರಾಯ," ಎಂದ ಅಂಗಡಿಯವನು, "ಸಾಲ ಕೇಳಿ ನೋಡು ಅನ್ನೋದನ್ನ ಮರೆತೇಬಿಟ್ಟ ನೋಡು. ಇಷ್ಟು ವರ್ಷ ಕೆಲಸ ಕೆಡಿಸಿ ಬೈಸ್ಕೊಂಡ ಪೇಂಟರುಗಳನ್ನ ಕಂಡಿದೀನಿ. ಚೆನ್ನಾಗಿ ಮಾಡಿ ಸಿಕ್ಕಿಬಿದ್ದೋನು ನೀನೊಬ್ಬನೇ." ಅಲ್ಲಿದ್ದವರು ನಕ್ಕರು. ಪೇಂಟರನೂ ನಕ್ಕ. ನಗು ಮುಗಿದ ಮೇಲೆ ಅವರವರು ಅವರವರ ಡಬ್ಬ ಎತ್ತಿಕೊಂಡು ಮನೆಗೆ ಹೋದರು.

ಆ ಭಾನುವಾರ ಹೆಂಡತಿ, "ಮನೆ ವಿಷಯ ಏನಾಯ್ತು?" ಎಂದಳು.

"ನೋಡ್ತಿದಾರೆ."

"ನೋಡ್ಲಿ ಬಿಡಿ. ಅವಸರ ಏನಿದೆ?"

ಮಗಳು ಫೋನು ತೆಗೆದುಕೊಂಡು, "ಅಪ್ಪಾ, ಊಟ ಆಯ್ತಾ?" ಎಂದಳು. ಆಯಿತು ಎಂದ. ಅವಳದೂ ಆಗಿತ್ತು. ಫೋನು ಮತ್ತೆ ಅವಳ ಅಮ್ಮನ ಕೈಗೆ ಹೋಯಿತು.

ಗೋಡೆ ಬಿಚ್ಚುವುದಕ್ಕೆ ಅವನು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬೇರೆಯವರು ಬಳಿದ ಬಣ್ಣವಾಗಿದ್ದರೆ ಸಿಪ್ಪೆಯಂತೆ ಬರುತ್ತಿತ್ತು. ಇದು ಅವನದೇ ಕೈಕೆಲಸ, ಬಿಡಲೊಲ್ಲದು. ತಗಡಿನ ಪಟ್ಟಿಯಿಂದ ಕೆರೆದು, ಉಳಿಯಿಟ್ಟು ಗಾರೆ ಒಡೆಯುವಾಗ ಕೋಣೆಯ ತುಂಬ ಬಿಳಿ ದೂಳೆದ್ದಿತು. ನರ್ಸಮ್ಮ ಮೂಗಿಗೆ ಸೆರಗು ಹಿಡಿದು, ಬಾಗಿಲ ಬಳಿ ಕಟ್ಟಿಟ್ಟಿದ್ದ ಪೆಟ್ಟಿಗೆಯೊಂದರ ಮೇಲೆ ಕೂತು ನೋಡುತ್ತಿದ್ದರು.

"ಮೇಲಿನ ಮನೆ ಪೈಪು ಒಡೆದಿತ್ತು. ಯಾವ ಕಾಲದಲ್ಲೋ ರಿಪೇರಿ ಮಾಡ್ಸಿದ್ರು. ಒಣಗಿದೆ ಅಂತ ನನಗೆ ಗೊತ್ತು. ಆದ್ರೆ ಮಾರೋಳ ಮಾತು ಯಾರು ನಂಬ್ತಾರೆ?"

"ತಗೊಳ್ಳೋನ ಮಾತೂ ನಂಬಲ್ಲಮ್ಮ."

"ನಿನ್ನ ಹೆಂಡ್ತಿ ನಂಬ್ತಾಳಾ?"

ಅವನು ಸುತ್ತಿಗೆಯ ಎರಡೇಟು ಹಾಕಿದ. ನರ್ಸಮ್ಮ ಬಿಡಲಿಲ್ಲ. ಸಾವಿರ ರೋಗಿಗಳ ಬಾಯಿ ಬಿಡಿಸಿದವರು ಅವರು.

"ಬರ್ತಾಳಾ ಅವ್ಳು?"

"ಬರ್ತಾಳೆ."

"ಕೇಳಿದೀಯಾ?"

ಉಳಿ ಗೋಡೆಯ ಮೇಲೇ ನಿಂತಿತು. ಮನೆ ಎಷ್ಟನೇ ಮಹಡಿ, ಕಂತು ಎಷ್ಟು, ಅಡುಗೆಮನೆಗೆ ಎಷ್ಟು ಬೆಳಕು, ಸ್ಕೂಲು ಎಷ್ಟು ಹತ್ತಿರ, ಎಲ್ಲವನ್ನೂ ಅವಳಿಗೆ ಹೇಳಿದ್ದ. ಅವಳು ಹೂಂಗುಟ್ಟಿದ್ದಳು. ಬರುತ್ತೀಯಾ ಎಂದು ಮಾತ್ರ ಕೇಳಿರಲಿಲ್ಲ. ಮನೆ ಕೈಗೆ ಬಂದ ಮೇಲೆ ಕೇಳಿದರಾಯಿತು, ಖಾಲಿ ಕೈಯಲ್ಲಿ ಕೇಳುವುದು ಹೇಗೆ ಎಂದುಕೊಂಡಿದ್ದನೋ, ಅಥವಾ ಕೇಳದಿದ್ದರೆ ಇಲ್ಲ ಎನ್ನಲಾರಳು ಎಂದುಕೊಂಡಿದ್ದನೋ, ಅವನಿಗೇ ತಿಳಿಯದು. "ಕೇಳ್ಬೇಕು," ಎಂದ, ಗೋಡೆಯ ಕಡೆಗೇ ಮುಖಮಾಡಿಕೊಂಡು. ನರ್ಸಮ್ಮ ಎದ್ದು ಹೋಗಿ ಟೀ ಮಾಡಿ ತಂದರು. ದೂಳು ಬೀಳದಂತೆ ಲೋಟದ ಮೇಲೊಂದು ತಟ್ಟೆ ಮುಚ್ಚಿದ್ದರು.

ವ್ಯಾಲ್ಯುವರ್ ಎರಡನೇ ಸಲ ಬಂದಾಗ ತೇವ ಅಳೆಯುವ ಸಣ್ಣದೊಂದು ಯಂತ್ರ ತಂದಿದ್ದ. ಅದರ ಎರಡು ಸೂಜಿಗಳನ್ನು ಇಟ್ಟಿಗೆಯ ಸಂದಿಗೆ ಒತ್ತಿ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ನೋಡಿದ. ಪೇಂಟರ್ ಕಿಟಕಿಯ ಸರಳು ಹಿಡಿದು ನಿಂತಿದ್ದ, ನರ್ಸಮ್ಮ ಬಾಗಿಲಲ್ಲಿದ್ದರು. ಮೇಲಿನ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು. ಗೋಡೆಯೊಳಗೆ ಪೈಪಿನಲ್ಲಿ ನೀರು ಇಳಿಯುವ ಸದ್ದು ಮೂವರಿಗೂ ಕೇಳಿಸಿತು. ವ್ಯಾಲ್ಯುವರ್ ಸದ್ದು ನಿಲ್ಲುವ ತನಕ ಕಾದು, ಸೂಜಿಯನ್ನು ಇನ್ನೊಮ್ಮೆ ಒತ್ತಿದ.

"ಒಣಗಿದೆ," ಎಂದ. ಸೂಜಿ ಒರೆಸುತ್ತ, "ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಮನೆ ಹಾಲ್‌ನಲ್ಲೂ ಇಂಥದೇ ಒಂದು ಕಲೆ ಇದೆ. ನಿಮ್ಮ ನಂಬರ್ ಕೊಡ್ತೀರಾ?"

ನರ್ಸಮ್ಮ ಬಿದ್ದು ಬಿದ್ದು ನಕ್ಕರು. ಪೇಂಟರ್ ನಂಬರ್ ಹೇಳುವಾಗ ನಡುವೆ ಒಂದು ಅಂಕಿ ತಪ್ಪಿ ಮತ್ತೆ ಹೇಳಬೇಕಾಯಿತು.

ಸಾಲ ಮಂಜೂರಾಯಿತು. ನರ್ಸಮ್ಮನ ಸಾಮಾನು ಹೊತ್ತ ಗಾಡಿ ಹೊರಟ ದಿನವೇ ಅವನು ತನ್ನದನ್ನು ತಂದ. ಆಟೋ ಎರಡು ಸಲ ಓಡಾಡಬೇಕಾಗಲಿಲ್ಲ. ಮೇಜಿಲ್ಲದ, ಮಂಚವಿಲ್ಲದ ಕೋಣೆಗಳಲ್ಲಿ ಕೆಮ್ಮಿದರೂ ಮಾರ್ದನಿಯಾಗುತ್ತಿತ್ತು. ಕೆಳಗಿನ ಮನೆಯವರ ಟಿವಿಯ ಮಾತು ಅರ್ಥವಾಗದಷ್ಟು ಸಣ್ಣಗೆ ಕೇಳುತ್ತಿತ್ತು. ಭಾನುವಾರದವರೆಗೆ ಕಾಯದೆ ಅಂದು ಸಂಜೆಯೇ ಫೋನು ಮಾಡಿದ.

"ಏನ್ರೀ, ಇವತ್ತು?" ಹೆಂಡತಿಯ ದನಿಯಲ್ಲಿ ಗಾಬರಿಯಿತ್ತು.

"ಮನೆಗೆ ಬಂದೆ. ಕೀ ಕೊಟ್ರು."

"ಹೌದಾ," ಎಂದಳು. "ಒಳ್ಳೇದಾಯ್ತು. ಎಷ್ಟು ಒದ್ದಾಡಿದ್ರಿ."

ಅವನು ಗೋಡೆಯ ಕಥೆಯನ್ನೆಲ್ಲ ಹೇಳಿದ. ಬಣ್ಣ ಹಿಡಿದದ್ದು, ಸಿಕ್ಕಿಬಿದ್ದದ್ದು, ಅಂಗಡಿಯವನು ಅಂದದ್ದು. ಅವಳು ನಕ್ಕಳು. ಎಷ್ಟು ವರ್ಷದ ಮೇಲೆ ಕೇಳಿದ ನಗು ಅದು ಎಂದು ಲೆಕ್ಕ ಹಾಕಲು ಅವನು ಹೋಗಲಿಲ್ಲ.

"ಈಗ ಆ ಗೋಡೆಗೆ ಏನ್ಮಾಡ್ತೀರಿ?"

"ಗಾರೆ ಮಾಡ್ತೀನಿ. ಬಣ್ಣ ಯಾವುದು ಅಂತ ನೀನು ಹೇಳ್ಬೇಕು."

"ಫೋಟೋ ಕಳ್ಸಿ."

"ಫೋಟೋದಲ್ಲಿ ಬಣ್ಣ ಗೊತ್ತಾಗಲ್ಲ." ಅವನು ಇಟ್ಟಿಗೆಯ ಮೇಲೆ ಅಂಗೈ ಊರಿದ. "ಬರ್ತೀಯಾ?"

ಆ ಕಡೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಮಗಳು ಏನೋ ಕೇಳಿದಳು, ಹೆಂಡತಿ ಫೋನಿಗೆ ಕೈ ಅಡ್ಡ ಹಿಡಿದು ಏನೋ ಹೇಳಿದಳು.

"ಇವಳ ಸ್ಕೂಲಿದೆ, ನನ್ನ ಕೆಲಸ ಇದೆ. ಒಂದೇ ಸಲಕ್ಕೆ ಏನು ಅಂತ ಹೇಳ್ಲಿ," ಎಂದಳು. ಇಲ್ಲ ಅನ್ನಲಿಲ್ಲ. "ಗಾರೆ ಒಣಗೋಕೆ ಎಷ್ಟು ದಿನ ಬೇಕು?"

"ಒಂದು ತಿಂಗಳಾದ್ರೂ ಬೇಕು."

"ಒಣಗ್ಲಿ. ನೋಡೋಣ."

ಮರುದಿನ ಬೇರೆಯವರ ಮನೆಗೆ ಕೆಲಸಕ್ಕೆ ಹೋಗುವ ಮೊದಲೇ ಅವನು ಗಾರೆ ಕಲಸಿ ಗೋಡೆ ತುಂಬಿದ. ಹೊಸ ಗಾರೆಗೆ ನೀರು ಕುಡಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಬೆಳಿಗ್ಗೆ ಹೋಗುವಾಗಲೂ ಸಂಜೆ ಬಂದಾಗಲೂ ಬಕೆಟ್ಟಿಗೆ ಕೈ ಅದ್ದಿ ಗೋಡೆಗೆ ನೀರು ಚಿಮುಕಿಸುತ್ತಿದ್ದ. ನೀರು ಬಿದ್ದ ಕಡೆ ಗಾರೆ ಕಪ್ಪಾಗಿ, ಸಣ್ಣ ಗೆರೆಗಳಾಗಿ ಕೆಳಗಿಳಿದು, ಮೆಲ್ಲಗೆ ಒಳಕ್ಕೆ ಹೋಗುತ್ತಿತ್ತು. ಅವನು ಅದು ಪೂರ್ತಿ ಇಂಗುವವರೆಗೆ ನಿಂತು, ಮತ್ತೆ ಕೈ ಅದ್ದುತ್ತಿದ್ದ.

ಗಾರೆ ಒಣಗಿದ ಮೇಲೆ ಆ ಗೋಡೆಗೆ ಯಾವ ಬಣ್ಣ ಬಂತು, ಅದನ್ನು ಯಾರು ಆರಿಸಿದರು, ಬಂದು ನಿಂತು ನೋಡಿ ಆರಿಸಿದರೋ ಇಲ್ಲವೋ, ಅದು ಗೊತ್ತಿಲ್ಲ.