ಜಾಲಿ ಬೇಲಿಯ ಮೇಲಿನ ಕೌದಿ

ಜಾಲಿಯಿಂದ ಉಬ್ಬಸ ಬರುತ್ತದೆಯೆ? ಹಮ್ಮಿಗಿಯ ಅರ್ಧ ಊರಿಗೆ ಅದೇ ಬೇಲಿ, ಅದೇ ಉರುವಲು. ಉಳಿದವರೆಲ್ಲ ಚೆನ್ನಾಗಿಯೇ ಇದ್ದಾರಲ್ಲ? ಊರಲ್ಲಿ ಯಾರೋ ಆಡಿದ ಮಾತನ್ನೇ ಕುಬೇರಪ್ಪ ಹಿತ್ತಲಿನ ಬಾಗಿಲಲ್ಲಿ ಕುಳಿತು ಯೋಚಿಸುತ್ತಿದ್ದ. ಬಳ್ಳಾರಿ ಜಾಲಿಯ ಬೇಲಿ ತೆನೆಯಂಥ ಹಳದಿ ಹೂ ಬಿಟ್ಟಿತ್ತು. ಒಳಗೆ ಮೊಮ್ಮಗಳು ಭಾಗ್ಯಾ ಗೋಡೆಗೊರಗಿದ್ದಳು. ಉಸಿರೆಳೆದಾಗಲೆಲ್ಲ ಎದೆ ಸಿಳ್ಳು ಹಾಕುತ್ತಿತ್ತು.

ಆಶಾ ಕಾರ್ಯಕರ್ತೆ ಸುನಿತಾ ಹುಡುಗಿಯನ್ನು ನೋಡಿ ಹಿತ್ತಲಿಗೆ ಬಂದಳು.

"ಇವರಜ್ಜಿ ಗದಿಗೆವ್ವಗೂ ಹಿಂಗ ಇತ್ತು. ಮನಿತನದ ಬ್ಯಾನಿ, ತಂಗಿ," ಎಂದ ಕುಬೇರಪ್ಪ.

"ಇರಬಹುದು ಕಾಕಾ. ಬೇಲಿ ಮ್ಯಾಲಿನ ಈ ಕೌದಿ ಯಾರ್ದು?"

"ಭಾಗ್ಯಾಂದು. ದಿನಾ ಬಿಸಲಿಗೆ ಹಾಕ್ತೇನಿ. ಮುಳ್ಳಿಗೆ ಸಿಕ್ಕೊಂಡ್ರ ಹೊಳಿ ಗಾಳಿಗೆ ಹಾರೂದಿಲ್ಲ ನೋಡು."

ಸುನಿತಾ ಕೌದಿಯ ಮೇಲೆ ಕೈಯಾಡಿಸಿ ಅಂಗೈ ತೋರಿಸಿದಳು. ಹಳದಿ ಪುಡಿ.

"ಇದು ಹೂವಿನ ಪರಾಗ. ಕೆಲವರಿಗೆ ಇದು ಅಲರ್ಜಿ. ಹಗಲೆಲ್ಲಾ ಕೌದಿ ಹಿಡಕೋತೈತಿ, ರಾತ್ರಿ ಹುಡುಗಿ ಅದನ್ನ ಮಾರಿತುಂಬ ಹೊದ್ಕೋತಾಳ."

"ಮತ್ತ ನಂಗ್ಯಾಕ ಏನೂ ಆಗಿಲ್ಲ?"

"ನಿಮಗ ಜಾಲಿನೂ ಅಂಜತೈತಿ ಬಿಡ್ರಿ. ಒಬ್ಬೊಬ್ಬರ ಮೈ ಒಂದೊಂದು ಥರಾ."

"ದವಾಖಾನಿಗೆ ಹೋದ್ರ ಬಾಯಾಗ ಎಳಕೊಳ್ಳೋ ಪಂಪು ಕೊಡ್ತಾರ. ಚಟ ಹತ್ತತೈತಂತ."

"ಚಟ ಹತ್ತೂದು ನಿಮ್ಮ ಕಿಸೇದಾಗಿನ ತಂಬಾಕು. ಡಾಕ್ಟರ್ ಹೇಳಿದಂಗ ತಗೊಂಡ್ರ ಪಂಪಿನಿಂದ ಚಟ ಹತ್ತೂದಿಲ್ಲ. ತಡಾ ಮಾಡಿದ್ರ ಜೀವಕ್ಕ ಬರತೈತಿ. ಈಗ ನಡೀರಿ."

ಕುಬೇರಪ್ಪ ಅವಳ ಅಂಗೈಯನ್ನೇ ನೋಡುತ್ತಿದ್ದ. ಎದ್ದು ಚಪ್ಪಲಿ ಮೆಟ್ಟಿದ.

ಮುಂಡರಗಿಯ ಡಾಕ್ಟರು ಭಾಗ್ಯಾಳನ್ನು ಪರೀಕ್ಷಿಸಿ ಅಲರ್ಜಿಯ ಉಬ್ಬಸವೆಂದರು. ಔಷಧಿ ಕೊಟ್ಟು, ಪಂಪು ಎಳೆಯುವ ಕ್ರಮ ಕಲಿಸಿದರು. ಮನೆಗೆ ಬಂದ ಕುಬೇರಪ್ಪ ಕೌದಿಯನ್ನು ಬಿಸಿನೀರಿನಲ್ಲಿ ಒಗೆದು ಮನೆಯೊಳಗೇ ಒಣಹಾಕಿದ. ಭಾಗ್ಯಾಳನ್ನು ಬಂಧುಗಳ ಮನೆಗೆ ಕಳಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇಲಿ ಕಡಿದ. ಅವಳು ಮರಳಿ ಬಂದಾಗ ಎದೆಯ ಸಿಳ್ಳು ನಿಂತಿತ್ತು.

"ಅಷ್ಟ ವರ್ಷದ ಬೇಲಿ, ಸುನಿತಾನ ಒಂದ ಮಾತಿಗೆ ಕಡದ್ಯಲ್ಲೋ," ಎಂದ ಪಕ್ಕದ ಮನೆಯ ಅಯ್ಯೂಬ. ಕುಬೇರಪ್ಪ ಕೊಡಲಿ ಒರೆಸಿ ಮೂಲೆಗಿಟ್ಟ.

ಅಕ್ಕಂದಿರೆ, ಅಣ್ಣಂದಿರೆ, ಹೂ ಬಿಟ್ಟ ಜಾಲಿಯ ಮೇಲೆ ಹಾಸಿಗೆ, ಬಟ್ಟೆ ಹರವಬೇಡಿ. ಮನೆಯ ಸುತ್ತಲಿನ ಜಾಲಿಯನ್ನು ಹೂ ಬಿಡುವ ಮೊದಲೇ ಕಡಿಯಿರಿ. ಸೀನು, ಉಬ್ಬಸ ಮರುಕಳಿಸಿದರೆ ಮನೆತನದ ಬೇನೆ ಎಂದು ಕೂರದೆ ಡಾಕ್ಟರಿಗೆ ತೋರಿಸಿ.

ಕುಬೇರಪ್ಪನ ಹೆಂಡತಿ ಗದಿಗೆವ್ವ ಉಬ್ಬಸದಿಂದಲೇ ತೀರಿಕೊಂಡಿದ್ದಳು. ಅವಳ ಕೌದಿಯನ್ನೂ ದಿನಾ ಅದೇ ಬೇಲಿಯ ಮೇಲೆ ಹಾಕುತ್ತಿದ್ದೆ ಎಂದು ಕುಬೇರಪ್ಪ ಯಾರಿಗೂ ಹೇಳಲಿಲ್ಲ.