ಕಫೀಲರ ಕಾರಿನ ಕಪ್ಪು ಪರದೆ

ಇದು ನಿಜವಾಗಿ ನಡೆದದ್ದು. ಇದರಲ್ಲಿ ಸುಳ್ಳು ಎಂಬುದು ಒಂದೇ, ಅದನ್ನೂ ನಾನೇ ಹೇಳಿದ್ದು.

ಅರಬರ ನಾಡಿನಲ್ಲಿ ನಮಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟ ಧಣಿ, ಅಂದರೆ ನಮ್ಮ ಕಫೀಲರ ಕಾರಿನಲ್ಲಿ ಹಾಡು, ನಕ್ಷೆ, ಫೋನು ಎಲ್ಲವನ್ನೂ ನಡೆಸುತ್ತಿದ್ದ ಹಾರ್ಡ್ ಡಿಸ್ಕಿಗೆ ಮುಪ್ಪು ಬಂದಿತ್ತು. ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸೇಸಪ್ಪ, "ಅಂಗಡಿ ಎಂತಕ್ಕೆ? ನಾನು ಹಾಕಿ ಕೊಡ್ತೇನೆ" ಎಂದು ಕಾರನ್ನು ಅಲ್ ಹೈಲ್‌ನ ನಮ್ಮ ಮನೆಯಂಗಳಕ್ಕೆ ತಂದ. ಹಳೆಯದರಲ್ಲಿದ್ದುದನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಿ ಕೂರಿಸಿದ. ಪರದೆ ಬೆಳಗಲಿಲ್ಲ. ಗಾಬರಿಯಲ್ಲಿ ಹಳೆಯ ಡಿಸ್ಕ್ ಕೈಜಾರಿ ಸಿಮೆಂಟಿನ ಮೇಲೆ ಬಿದ್ದು ಒಡೆಯಿತು. ಸಂಜೆ ಕಫೀಲರು ಇದೇ ಕಾರಿನಲ್ಲಿ ನಿಜ್ವಾ ಊರಿಗೆ ಹೊರಡುವವರಿದ್ದರು.

"ಖಲಾಸ್ ಲತೇಶಾ, ನನ್ನನ್ನು ಊರಿಗೆ ಅಟ್ಟುತ್ತಾರೆ. ಹೆಂಡತಿ ಕುಸುಮನಿಗೆ ಯಾವ ಮುಖ ತೋರಿಸ್ಲಿ?" ಎಂದು ಸ್ಟೇರಿಂಗಿಗೆ ಹಣೆ ಆನಿಸಿದ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಕುಡಿಯಲು ನೀರು ತರುವ ನೆಪದಲ್ಲಿ ಒಳಗೆ ಹೋಗಿ, ತಮಾಷೆ ಮಾಡಿ ಅವನನ್ನು ನಗಿಸೋಣವೆಂದು ಕಿಟಕಿಯ ಹಿಂದೆ ನಿಂತು ಅವನಿಗೆ ಫೋನು ಮಾಡಿದೆ. ಕಾರಿಗೆ ಮೊದಲೇ ಜೋಡಿಸಿದ್ದ ತನ್ನ ಫೋನಿನ ಹಸಿರು ಗುಂಡಿಯನ್ನು ಅವನು ಹೆಸರನ್ನೂ ನೋಡದೆ ಒತ್ತಿದ. ಕಫೀಲರ ಒಡಕು ಗಂಟಲಿನಲ್ಲಿ ಗುಡುಗಿದೆ: "ಸೇಸಪ್ಪಾ! ಗಾಡಿ ಕಿದರ್? ಯಲ್ಲಾ, ಯಲ್ಲಾ, ಜಲ್ದಿ!"

"ಸರ್, ಮಾಫ್ ಕರೋ ಸರ್..." ಎಂದವನು ಥಟ್ಟನೆ ತಲೆಯೆತ್ತಿದ. ನನ್ನ ಗುಡುಗು ಕಾರಿನ ನಾಲ್ಕೂ ಬಾಗಿಲುಗಳ ಸ್ಪೀಕರಿನಿಂದ ಹೊರಟಿತ್ತು.

"ಸರ್, ಔರ್ ಬೋಲೋ! ಜೋರ್ ಸೇ ಗಾಲಿ ದೇವೋ!"

ಬೈಗುಳಕ್ಕೆ ಅಂಗಲಾಚುವವನನ್ನು ಕಂಡು ಹೆದರಿ ಹೊರಗೆ ಓಡಿದೆ. "ಮಾರಾಯಾ, ನಾನು ಕಫೀಲ್ ಅಲ್ಲ!"

"ಯಾರಾದರೂ ಆಗು! ಕಾರು ಮಾತಾಡಿತಲ್ಲ, ಡಿಸ್ಕ್ ಸರಿ ಉಂಟು. ಸ್ಕ್ರೀನಿನ ವಯರ್ ಮಾತ್ರ ಲೂಸ್!"

ವಯರನ್ನು ಒತ್ತಿದ ಕೂಡಲೇ ಪರದೆ ಬೆಳಗಿತು. ನಾನೂ ನಕ್ಕೆ. ಆದರೆ ಸೇಸಪ್ಪನ ನಗುವಿಗೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು.