ಜೋಡಿ ತಪ್ಪಿದ ಕುಂಚಿಗೆ

ನಾನು ಒಂದು ಕುಂಚಿಗೆ. ತಲೆಗೆ ಟೋಪಿ, ಬೆನ್ನಿಗೆ ಇಳಿಬಿಟ್ಟ ಸಣ್ಣ ಹೊದಿಕೆ, ಎರಡೂ ಸೇರಿ ಒಂದು. ನಮ್ಮ ಕಡೆ ಕೂಸಿಗೆ ಇದನ್ನು ತವರಿನವರು ತರುತ್ತಾರೆ. ನನ್ನನ್ನು ತಂದವರು ತವರಿನವರಲ್ಲ.

ನಾನು ಹುಟ್ಟಿದ್ದು ಗುರುಬಸವ್ವನ ಪಡಸಾಲೆಯಲ್ಲಿ. ಸೋಮವಾರ ಮಧ್ಯಾಹ್ನ ಓಣಿಯ ಹೆಂಗಸರು ಅಲ್ಲಿ ಕೂಡಿ ಹೊಲಿಯುತ್ತಿದ್ದರು. ಹೊಲಿದದ್ದೆಲ್ಲ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿಗೆ. ಎರಡು ಗಂಟು ಕಟ್ಟುತ್ತಿದ್ದರು. ದೊಡ್ಡದು ಬದುಕಿದ ಕೂಸುಗಳಿಗೆ. ಸಣ್ಣದು ಉಳಿಯದ ಕೂಸುಗಳಿಗೆ. ಸಣ್ಣ ಗಂಟಿನಲ್ಲಿ ಎಲ್ಲವೂ ಜೋಡಿ. ಒಂದು ಕೂಸಿನ ಜೊತೆ ಮಣ್ಣಿಗೆ ಹೋಗುತ್ತದೆ, ಇನ್ನೊಂದು ತಾಯಿಯ ಕೈಯಲ್ಲಿ ಉಳಿಯುತ್ತದೆ.

ದೊಡ್ಡ ಗಂಟಿಗೆ ಹೊಲಿಯುವವರು ನಡುವೆ, ಚಾಪೆಯ ಮೇಲೆ. ಸಣ್ಣ ಗಂಟಿಗೆ ಹೊಲಿಯುವವಳು ಒಬ್ಬಳೇ, ನೀಲಾಂಬಿಕೆ, ಬಾಗಿಲ ಬಳಿ. ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಗಂಡ ಸತ್ತು ಒಂಬತ್ತು ತಿಂಗಳಾಗಿತ್ತು.

ಮೊದಲ ದಿನ ಅವಳೂ ಚಾಪೆಯ ಮೇಲೆಯೇ ಕೂತಿದ್ದಳಂತೆ. ಗುರುಬಸವ್ವ ಅವಳ ಕೈಯಿಂದ ಬಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡಳು.

"ತಂಗಿ, ನೀ ಆ ಗಂಟಿಂದು ಹೊಲಿ. ಆಡೋ ಕೂಸಿನ ಬಟ್ಟಿಗೆ ನಿನ್ನ ಕೈ ಬ್ಯಾಡ. ತಪ್ಪು ತಿಳೀಬ್ಯಾಡ ಮತ್ತ."

"ಇಲ್ಲ ಬಿಡ್ರಿ ಆಯಿ. ಆ ಕೂಸುಗೋಳಿಗೆ ಇನ್ನ ನನ್ನಿಂದ ಏನ್ ಆಗೂದೈತಿ?"

ಅಂದು ಚಹಾದ ಮೊದಲ ಕಪ್ಪನ್ನು ಅವಳಿಗೇ ಕೊಟ್ಟರು. ಎಲ್ಲರೂ ಒಳ್ಳೆಯ ಹೆಂಗಸರು.

ನನ್ನನ್ನೂ ನನ್ನ ಜೋಡಿಯನ್ನೂ ಅವಳು ತನ್ನ ಮದುವೆಯ ಹಸಿರು ಇಳಕಲ್ ಸೀರೆ ಕತ್ತರಿಸಿ ಹೊಲಿದಳು. ನೆತ್ತಿಗೆ ಕೆಂಪು ಕುಚ್ಚು ಇಟ್ಟಳು. ಸಣ್ಣ ಗಂಟಿನವಕ್ಕೆ ಕುಚ್ಚು ಇಡುವ ರೂಢಿ ಇರಲಿಲ್ಲ.

"ಇವಕ್ಕ ಯಾಕವ್ವಾ ಕುಚ್ಚು? ಯಾರ್ ನೋಡ್ತಾರ?" ಚಾಪೆಯಿಂದ ಒಬ್ಬಳು ಕೇಳಿದಳು.

"ತಾಯಿ ನೋಡ್ತಾಳಲ್ರಿ."

ಗಂಟು ಆಸ್ಪತ್ರೆಗೆ ಹೋಯಿತು. ಹನ್ನೊಂದು ದಿನ ನಾವು ಕಪಾಟಿನಲ್ಲಿದ್ದೆವು. ನಮ್ಮನ್ನು ಯಾರೂ ತೆಗೆಯದಿರಲಿ ಎಂದು ಬಯಸುವುದು ಬಿಟ್ಟರೆ ಅಲ್ಲಿ ನಮಗೆ ಬೇರೆ ಕೆಲಸವಿರಲಿಲ್ಲ. ಹನ್ನೆರಡನೆಯ ದಿನ ನರ್ಸ್ ದೀನಮ್ಮ ತೆಗೆದಳು.

ಏಳು ತಿಂಗಳಿಗೇ ಆದ ಹೆಣ್ಣು ಕೂಸು. ಅಳಲಿಲ್ಲ. ತಾಯಿಯ ಹೆಸರು ಪುಷ್ಪಾವತಿ. ದೀನಮ್ಮ ಕೂಸನ್ನು ಅವಳ ಮಡಿಲಿಗಿಟ್ಟು, ನನ್ನ ಜೋಡಿಯನ್ನು ಕೈಗೆ ಕೊಟ್ಟು, ನನ್ನನ್ನು ದಿಂಬಿನ ಪಕ್ಕದಲ್ಲಿಟ್ಟಳು. "ಅದು ಕೂಸಿಗೆ. ಇದು ನಿನಗ."

ಪುಷ್ಪಾವತಿ ತಾನೇ ಕುಂಚಿಗೆ ತೊಡಿಸಿದಳು. ಕಿವಿ ಮುಚ್ಚಿತೇ ಎಂದು ಬೆರಳಿನಿಂದ ನೋಡಿ ಲಾಡಿ ಕಟ್ಟಿದಳು.

"ಸಿಸ್ಟರ್, ಹಿಂಗs ಹೋಗ್ಲಿ. ಬರೀ ತಲೀಲೆ ಕಳಸಬ್ಯಾಡ್ರಿ. ನಾ ಇದೊಂದ ಕೇಳೂದು."

ದೀನಮ್ಮ ಆಗಲಿ ಎಂದಳು. ಅಷ್ಟರಲ್ಲಿ ಅತ್ತೆ ಚೆನ್ನವ್ವ ಬಂದಳು. ಹಿಂದೆ ಗಂಡ ಶೇಖಪ್ಪ, ಕೈಯಲ್ಲಿ ಟವೆಲ್ಲು. ಸತ್ತ ಕೂಸಿನ ಮುಖ ನೋಡಬಾರದೆಂದು ಚೆನ್ನವ್ವ ಗೋಡೆಯ ಕಡೆ ತಿರುಗಿ ನಿಂತಳು. ತಲೆಗೆ ಏನೋ ಕಟ್ಟಿದ್ದಷ್ಟೇ ಕಡೆಗಣ್ಣಿಗೆ ಬಿದ್ದಿತ್ತು.

"ತಲಿಗೆ ಏನ ಕಟ್ಟೀರಿ ಅದಕ್ಕ?"

ದೀನಮ್ಮನಿಗೆ ನಮ್ಮ ಮೇಲೆ ಅಭಿಮಾನ. "ಕುಂಚಿಗಿ ರೀ, ಅಮ್ಮಾ. ಪಾಪ, ಗಂಡ ಇಲ್ಲದ ಹುಡುಗಿ ಒಬ್ಬಾಕಿ ತನ್ನ ಮದುವಿ ಸೀರಿ ಹರದು ಹೊಲದಾಳ."

"ರಂಡಿ ಮುಂಡಿ ಕೈಯಾಂದು ಕೂಸಿನ ತಲಿಗಾ? ಅದಕ್ಕs ಹಿಂಗಾತು."

ಕೂಸು ಹೋದದ್ದು ಬೆಳಗಿನ ಒಂಬತ್ತಕ್ಕೆ. ನಾವು ಕಪಾಟಿನಿಂದ ಇಳಿದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಇದನ್ನು ಯಾರೂ ಹೇಳಲಿಲ್ಲ.

"ಅವ್ವಾ, ಇರ್ಲಿ ಬಿಡು," ಶೇಖಪ್ಪ ಅಂದ.

"ನೀ ಸುಮ್ಮನಿರು."

ಚೆನ್ನವ್ವ ಮುಖ ತಿರುಗಿಸಿಕೊಂಡೇ ಕೈಚಾಚಿ, ಲಾಡಿ ಹುಡುಕಿ ಎಳೆದಳು. ನನ್ನ ಜೋಡಿ ಹಳದಿ ಬಕೆಟ್ಟಿಗೆ ಬಿತ್ತು, ರಕ್ತದ ಹತ್ತಿಯ ಮೇಲೆ. ಶೇಖಪ್ಪ ಬಕೆಟ್ಟನ್ನು ನೋಡಿದ. ಕೂಸನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ. ಪುಷ್ಪಾವತಿಯ ಕೈ ದಿಂಬಿನ ಪಕ್ಕಕ್ಕೆ ಸರಿದು ನನ್ನನ್ನು ಕುಪ್ಪಸದೊಳಕ್ಕೆ ಎಳೆದುಕೊಂಡಿತು. ಎರಡು ದಿನದಲ್ಲಿ ಅಲ್ಲಿ ಹಾಲು ಇಳಿಯಿತು. ನಾನು ತೊಯ್ದೆ.

ಆಮೇಲೆ ಎರಡು ವರ್ಷ ಟ್ರಂಕಿನ ತಳದಲ್ಲಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ಅವಳು ನನ್ನನ್ನು ತೆಗೆದು, ಒಗೆದು, ತಾನು ಉಟ್ಟ ಸೀರೆಯ ನೆರಿಗೆಯೊಳಗೆ ಇಟ್ಟುಕೊಂಡು ಒಣಗಿಸುತ್ತಿದ್ದಳು. ಕೊಳೆಯೇ ಇಲ್ಲದ ಬಟ್ಟೆಯನ್ನು ಒಗೆದರೆ ಬಣ್ಣ ಹೋಗುತ್ತದೆ. ನನ್ನ ಹಸಿರು ಹೋಯಿತು.

ಮತ್ತೆ ಅವಳು ಬಸಿರಾದಳು. ಗಂಡು ಕೂಸು, ದಿನ ತುಂಬಿ ಆಯಿತು. ಮನೆಗೆ ಬಂದ ದಿನ ಚೆನ್ನವ್ವ ಸಂಭ್ರಮದಲ್ಲಿದ್ದಳು. ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕಬಾರದು, ಹಳೆಯದೇ ಆಗಬೇಕು. ಮೆತ್ತನೆಯ ಹಳೆಯ ಸೀರೆ ಹುಡುಕುತ್ತ ಅವಳು ಸೊಸೆಯ ಟ್ರಂಕು ತೆರೆದಳು.

ನನ್ನನ್ನು ಬೆಳಕಿಗೆ ಹಿಡಿದಳು. ಅಂದು ಮುಖ ತಿರುಗಿಸಿದ್ದವಳಿಗೆ ಗುರುತು ಹೇಗೆ ಸಿಗಬೇಕು?

"ಎಷ್ಟ ಚಂದ ಕುಂಚಿಗಿ! ಕುಚ್ಚು ನೋಡು. ಮುತ್ತೈದಿ ಕೈ ಇದು, ನೋಡಿದ್ರs ತಿಳೀತೈತಿ. ಎಲ್ಲೀದವ್ವಾ?"

ಪುಷ್ಪಾವತಿ ಬಾಣಂತಿಯ ಮಂಚದಿಂದ ನನ್ನನ್ನು ನೋಡಿದಳು.

"ತವರಿಂದು, ಅತ್ತಿ."

ಚೆನ್ನವ್ವ ನನ್ನನ್ನು ಮೊಮ್ಮಗನ ತಲೆಗೆ ಇಟ್ಟಳು. ಎಳೆದಳು. ಕಿವಿಯವರೆಗೂ ಬರಲಿಲ್ಲ.

"ಸಣ್ಣದಾತಲ್ಲ. ಯಾವ ಕೂಸಿನ ಅಳತಿಗೆ ಹೊಲದ್ರೋ ಏನೋ."

ಕೋಣೆಯಲ್ಲಿ ಇಬ್ಬರಿಗೆ ಅಳತೆ ಗೊತ್ತಿತ್ತು. ಒಂದು ನಾನು.

ಒಳ್ಳೆಯ ಬಟ್ಟೆ, ದಪ್ಪ ಹೊಲಿಗೆ, ಸುಮ್ಮನೆ ಕೆಡಬಾರದೆಂದು ಚೆನ್ನವ್ವ ನನ್ನನ್ನು ಅಡುಗೆಮನೆಗೆ ಒಯ್ದಳು. ಅಂದಿನಿಂದ ನಾನು ಬಿಸಿ ಪಾತ್ರೆ ಇಳಿಸುವ ಬಟ್ಟೆ. ಪುಷ್ಪಾವತಿ ಬೇಡ ಎನ್ನಲಿಲ್ಲ. ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಈಗ ನನಗೆ ಮುಪ್ಪು. ಒಲೆಯ ಪಕ್ಕದ ಮೊಳೆಯಲ್ಲಿ ಇದ್ದೇನೆ. ಅಂಚು ಸುಟ್ಟಿದೆ, ಕುಚ್ಚಿಗೆ ಮಸಿ ಹಿಡಿದಿದೆ. ನೀಲಾಂಬಿಕೆ ಈಗಲೂ ಬಾಗಿಲ ಬಳಿ ಕೂತು ಜೋಡಿ ಹೊಲಿಯುತ್ತಿರಬಹುದು. ನಮ್ಮಿಂದ ಒಬ್ಬ ತಾಯಿಗೆ ಸಮಾಧಾನವಾಯಿತೆಂದು ಅವಳು ಅಂದುಕೊಂಡೇ ಇರಲಿ.

ಈ ಮನೆಯಲ್ಲಿ ಚೆನ್ನವ್ವ ನನ್ನಿಂದ ಅನ್ನದ ಬೋಗುಣಿ ಇಳಿಸುತ್ತಾಳೆ. ಶೇಖಪ್ಪ ಚಹಾದ ಪಾತ್ರೆ ಇಳಿಸುತ್ತಾನೆ. ಪುಷ್ಪಾವತಿ ನನ್ನನ್ನು ಮುಟ್ಟುವುದಿಲ್ಲ. ಬರಿಗೈಯಲ್ಲೇ ಇಳಿಸುತ್ತಾಳೆ. ಬೆರಳ ತುದಿಯಲ್ಲಿ ಬೊಬ್ಬೆಗಳಿವೆ.

"ಬಟ್ಟಿ ಅಲ್ಲೇ ಐತಲ್ಲ," ಚೆನ್ನವ್ವ ಗದರುತ್ತಾಳೆ. "ಕಣ್ಣ ಕಾಣೂದಿಲ್ಲೇನ ನಿನಗ?"

"ಮರತೆ, ಅತ್ತಿ," ಅನ್ನುತ್ತಾಳೆ ಪುಷ್ಪಾವತಿ.